ನುಡಿ ತಂತ್ರಾಂಶ: ಕೀಲಿಮಣೆಗೆ ಪೂರ್ಣ ಅಂಕ, ಆಸ್ಕಿ ಫಾಂಟಿಗಲ್ಲ

ಕನ್ನಡ ಟೈಪ್ ಮಾಡಲು ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಸರ್ಕಾರಿ ಕಚೇರಿಯಿಂದ ಹಿಡಿದು ಊರಿನ ಡಿಟಿಪಿ ಅಂಗಡಿಯವರೆಗೆ ಬಳಕೆಯಲ್ಲಿದೆ. ಆದರೆ ಕಥೆ, ಲೇಖನ ಬರೆದು ಓದುಗರಿಗೆ ಮುಟ್ಟಿಸಬೇಕೆನ್ನುವವರು ಇದರ ಕೀಲಿಮಣೆಯನ್ನೂ ಆಸ್ಕಿ ಫಾಂಟುಗಳನ್ನೂ ಬೇರೆ ಬೇರೆಯಾಗಿಯೇ ತೂಗಿ ನೋಡಬೇಕು.

ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆ ನಿಜಕ್ಕೂ ಸೊಗಸಾಗಿದೆ. ಮಹಾಪ್ರಾಣಕ್ಕೆ ಶಿಫ್ಟ್, ಒತ್ತಕ್ಷರಕ್ಕೆ ನಡುವೆ ಎಫ್. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಸಾಕು. ಟ, ಡ ಅಕ್ಷರಗಳು ಕ್ಯೂ, ಡಬ್ಲ್ಯು ಕೀಲಿಗಳಲ್ಲಿರುವುದು ಮೊದಮೊದಲು ತೊಡಕೆನಿಸುತ್ತದೆ. ಹಳೆಯ ಆವೃತ್ತಿಗಳಲ್ಲಿ ಕನ್ನಡ–ಇಂಗ್ಲಿಷ್ ಬದಲಿಸಲು ಸ್ಕ್ರಾಲ್ ಲಾಕ್ ಬೇಕು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿಯೇ ಇಲ್ಲ. ವಿಂಡೋಸಿನ ಆನ್‌ಸ್ಕ್ರೀನ್ ಕೀಬೋರ್ಡ್ ತೆರೆದರೆ ಅಲ್ಲಿ ಸಿಗುತ್ತದೆ. ಲಿನಕ್ಸ್ ಬಳಸುವವರಿಗೆ ನುಡಿಯೇ ಬೇಕಿಲ್ಲ, ಇದೇ ಕೀಲಿಮಣೆ ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಎಂಬ ಹೆಸರಿನಲ್ಲಿ ಅದರಲ್ಲೇ ಇದೆ.

ತೊಂದರೆಯೆಲ್ಲ ಆಸ್ಕಿ ಫಾಂಟಿನದು. ಅದರಲ್ಲಿ ಕಡತದೊಳಗೆ ಉಳಿಯುವುದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತಗಳು. ಕನ್ನಡ ಬರೀ ಮೇಲಿನ ವೇಷ. ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಸಾಲುಗಳು. ಹುಡುಕಿದರೆ ಪದ ಸಿಗದು, ಅಕಾರಾದಿಯಾಗಿ ಜೋಡಿಸಲಾಗದು. ಎಲ್ಲಕ್ಕಿಂತ ದೊಡ್ಡ ನಷ್ಟ ಅಂಧ ಓದುಗರದು: ಪರದೆಯ ಬರಹವನ್ನು ಓದಿ ಹೇಳುವ ಅವರ ಸ್ಕ್ರೀನ್ ರೀಡರ್‌ಗೆ ಆ ಪುಟದಲ್ಲಿ ಕನ್ನಡವೇ ಕಾಣಿಸುವುದಿಲ್ಲ. ಇಷ್ಟು ವರ್ಷಗಳ ಬರಹ ಅವರ ಕೈಗೆಟುಕದೆ ಹೋಗಿರುವುದು ಸಣ್ಣ ಮಾತಲ್ಲ.

ಪರಿವರ್ತಕ ತಂತ್ರಾಂಶ ಬಳಸಿ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡ್‌ಗೆ ತಂದರೂ ಕರಡು ತಿದ್ದಲೇಬೇಕು. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು. ಈ ಅದಲುಬದಲು ಕೆಲವೊಮ್ಮೆ ಎಡವುತ್ತದೆ. ನಡುವೆ ಇಂಗ್ಲಿಷ್ ಪದವಿದ್ದರೆ ಅದೂ ಕನ್ನಡದ ಕಲಸುಮೇಲೋಗರವಾಗುತ್ತದೆ, ಏಕೆಂದರೆ ಆಸ್ಕಿಯಲ್ಲಿ ಎರಡರ ಸಂಕೇತವೂ ಒಂದೇ. ‘ರಾಜ್‌ಕುಮಾರ್’ ಬರೆಯುವಾಗ ಜ್ ಆದ ಮೇಲೆ ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರ ಬೇಕು; ಅದು ಬಿಟ್ಟುಹೋದರೆ ‘ರಾಜ್ಕುಮಾರ್’ ಎಂದಾಗುತ್ತದೆ. ಹೆಸರುಗಳನ್ನು ಒಂದೊಂದಾಗಿ ನೋಡಿ.

ಹಾಗಾಗಿ ನುಡಿಯಲ್ಲಿ ಯೂನಿಕೋಡ್ ಆಯ್ಕೆ ಮಾಡಿಕೊಂಡೇ ಬರೆಯಲು ಕೂರಿ. ಮುದ್ರಣಾಲಯದವರು ಪುಟವಿನ್ಯಾಸಕ್ಕೆ ಪೇಜ್‌ಮೇಕರ್ ಬಳಸುತ್ತಿದ್ದರೆ ಅದಕ್ಕೆ ಯೂನಿಕೋಡ್ ಬಾರದು, ಅವರು ಆಸ್ಕಿಗೆ ಬದಲಿಸಿಕೊಳ್ಳುತ್ತಾರೆ. ಇನ್‌ಡಿಸೈನ್ ಇದ್ದರೆ ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಲು ಹೇಳಿ. ಇಲ್ಲದಿದ್ದರೆ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಇಡೀ ಪುಸ್ತಕ ಕಳಿಸುವ ಮುನ್ನ ಒತ್ತಕ್ಷರ, ಇಂಗ್ಲಿಷ್ ಪದ, ಅಂಕಿ ಎಲ್ಲವೂ ಇರುವ 2 ಪುಟ ಕೊಟ್ಟು ಮುದ್ರಿತ ಕರಡು ತರಿಸಿಕೊಳ್ಳಿ. ಅಂತಿಮ ತಿದ್ದುಪಡಿಗಳು ಅವರ ಕಡತದಲ್ಲಷ್ಟೇ ಆಗಿರುತ್ತವೆ. ಅವನ್ನು ನಿಮ್ಮ ಯೂನಿಕೋಡ್ ಪ್ರತಿಯಲ್ಲೂ ಆಗಲೇ ಮಾಡಿಕೊಂಡರೆ ಇ-ಪುಸ್ತಕಕ್ಕೆ ಮತ್ತೆ ಟೈಪ್ ಮಾಡಿಸುವ ಖರ್ಚು ಬರುವುದಿಲ್ಲ.