ಎಂಡೋಫೈಟ್‌ಗೆ ಹೆಸರು ಹಿಡಿಯಲು ಐಟಿಎಸ್, ಎಲ್‌ಎಸ್‌ಯು, ಟಿಇಎಫ್1: ಮೂರನ್ನೂ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಶಿಲೀಂಧ್ರದ ಹೆಸರು ಪತ್ತೆಹಚ್ಚಲು ಓದುವ ಈ ಮೂರು ಡಿಎನ್‌ಎ ತುಣುಕುಗಳಲ್ಲಿ ನನ್ನ ಮತ ಟಿಇಎಫ್1ಗೆ. ಎಲೆ, ಕಾಂಡ, ಬೇರಿನೊಳಗೆ ರೋಗದ ಗುರುತೇ ತೋರಿಸದೆ ಬದುಕುವ ಶಿಲೀಂಧ್ರವನ್ನು, ಅಂದರೆ ಎಂಡೋಫೈಟನ್ನು, ತಟ್ಟೆಯಲ್ಲಿ ಬೆಳೆಸಿಯಾಯಿತು, ಈಗ ಪ್ರಭೇದದ ಮಟ್ಟದ ಹೆಸರು ಬೇಕು ಅಂದರೆ ಐಟಿಎಸ್ ಒಂದೇ ಸಾಲದು. ಐಟಿಎಸ್ ಬಿಟ್ಟುಬಿಡಿ ಎನ್ನುತ್ತಿಲ್ಲ, ಅದಿಲ್ಲದೆ ಕೆಲಸ ಶುರುವೇ ಆಗುವುದಿಲ್ಲ. ಅಲ್ಲಿಗೇ ನಿಲ್ಲಬೇಡಿ ಎನ್ನುತ್ತಿದ್ದೇನೆ, ಅಷ್ಟೆ.

ಯಾವ ಜೀನ್ ಎಂಬ ಚರ್ಚೆಗೂ ಮುಂಚೆ ಒಂದು ಮಾತು. ಶಿಲೀಂಧ್ರ ತೆಗೆಯುವ ಗಿಡದ ತುಂಡಿನ ಮೇಲ್ಮೈ ಶುದ್ಧಿ ಕೆಟ್ಟಿದ್ದರೆ ಮುಂದಿನದೆಲ್ಲ ವ್ಯರ್ಥ. 70% ಎಥನಾಲ್‌ನಲ್ಲಿ 1 ನಿಮಿಷ, ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ 3 ನಿಮಿಷ, ಮತ್ತೆ ಎಥನಾಲ್‌ನಲ್ಲಿ 30 ಸೆಕೆಂಡ್, ಆಮೇಲೆ ಶುದ್ಧ ನೀರಿನಲ್ಲಿ 3 ಸಲ ತೊಳೆಯುವುದು. ಕೊನೆಯ ತೊಳೆನೀರನ್ನು ಒಂದು ತಟ್ಟೆಗೆ ಹಾಕಿಡಿ. ಅದರಲ್ಲಿ ಏನಾದರೂ ಬೆಳೆದರೆ ಆ ಕಂತಿನ ಶಿಲೀಂಧ್ರಗಳನ್ನು ಎಂಡೋಫೈಟ್ ಎಂದು ಕರೆಯುವ ಧೈರ್ಯ ಮಾಡಬೇಡಿ.

ಐಟಿಎಸ್ ಅನ್ನು ಶಿಲೀಂಧ್ರಗಳ ಬಾರ್‌ಕೋಡ್ (ಗುರುತು ಹಿಡಿಯುವ ಡಿಎನ್‌ಎ ತುಣುಕು) ಆಗಿ 2012ರಲ್ಲಿ ಪ್ರಸ್ತಾಪಿಸಿದ್ದಕ್ಕೆ ಕಾರಣಗಳು ಗಟ್ಟಿಯಾಗಿಯೇ ಇವೆ. ರೈಬೋಸೋಮ್ ಜೀನ್‌ಗಳ ನಡುವಿನ ಈ ತುಣುಕು ಒಂದೇ ಜೀನೋಮ್‌ನಲ್ಲಿ ಹತ್ತಾರು, ನೂರಾರು ಪ್ರತಿಗಳಲ್ಲಿರುತ್ತದೆ. ಹಾಗಾಗಿ ಡಿಎನ್‌ಎ ಕೊಳಕಾಗಿದ್ದರೂ, ಕಡಿಮೆಯಿದ್ದರೂ ಪಿಸಿಆರ್‌ನಲ್ಲಿ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ತುಣುಕು ಬೆಳೆದು ಜೆಲ್ ಮೇಲೆ ಬ್ಯಾಂಡ್ ಬರುತ್ತದೆ. ಐಟಿಎಸ್1ಎಫ್ ಮತ್ತು ಐಟಿಎಸ್4 ಪ್ರೈಮರ್ (ನಕಲು ಶುರುಮಾಡಿಸುವ ಚಿಕ್ಕ ಡಿಎನ್‌ಎ ತುಂಡುಗಳು), 55 ಡಿಗ್ರಿ, 35 ಸುತ್ತು ಸಾಕು. 1ಎಫ್ ಬದಲು ಹಳೆಯ ಐಟಿಎಸ್1 ಹಾಕಿ ನೇರ ಎಲೆಯ ಡಿಎನ್‌ಎ ಮೇಲೆ ಓಡಿಸಿದರೆ ಮಾತ್ರ ಗಿಡದ ಐಟಿಎಸ್ಸೇ ಬೆಳೆದು ಕೂರುತ್ತದೆ. ಅದರ ಉದ್ದವೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಜೆಲ್‌ನಲ್ಲಿ ಗೊತ್ತಾಗುವುದಿಲ್ಲ. ಬ್ಲಾಸ್ಟ್ ಮಾಡಿದಾಗ (ಸೀಕ್ವೆನ್ಸನ್ನು ದತ್ತಾಂಶ ಸಂಗ್ರಹದ ಜೊತೆ ಹೋಲಿಸಿದಾಗ) ಗಿಡದ ಹೆಸರೇ ಎದುರು ಬಂದು ನಿಲ್ಲುತ್ತದೆ.

ಸೀಕ್ವೆನ್ಸ್ ಬಂದ ಮೇಲೆ ಹೆಸರಿಗಿಂತ ಮೊದಲು ಕ್ರೊಮ್ಯಾಟೋಗ್ರಾಮ್ (ಪ್ರತಿ ಬೇಸ್‌ಗೆ ಒಂದು ಶಿಖರ ತೋರಿಸುವ ಗ್ರಾಫ್) ತೆರೆದು ನೋಡಿ. ಮುಂದಿನಿಂದ ಓದಿದ್ದು 180ನೇ ಬೇಸ್‌ವರೆಗೆ ಸ್ವಚ್ಛವಾಗಿದ್ದು, ಅಲ್ಲಿಂದ ಪ್ರತಿ ಜಾಗದಲ್ಲೂ ಎರಡೆರಡು ಶಿಖರ ಎದ್ದಿವೆ ಎಂದುಕೊಳ್ಳಿ. ಹಿಂದಿನಿಂದ ಓದಿದ್ದೂ ಅದೇ 180ರ ಜಾಗದವರೆಗೆ ಸರಿಯಾಗಿ ಬಂದು ಅಲ್ಲೇ ಕೆಟ್ಟಿದ್ದರೆ, ಅದು ಒಂದೇ ಜೀನೋಮ್‌ನ ಪ್ರತಿಗಳ ನಡುವೆ ಒಂದೆರಡು ಬೇಸ್ ಹೆಚ್ಚುಕಡಿಮೆ ಇರುವುದರ ಗುರುತು. ಎರಡೂ ಕಡೆಯ ಸ್ವಚ್ಛ ಭಾಗ ಜೋಡಿಸಿದರೆ ಕೆಲಸ ಮುಗಿಯಿತು. ಶುರುವಿನಿಂದಲೇ ಕಲಸುಮೇಲೋಗರವಾಗಿದ್ದರೆ ತಟ್ಟೆಯಲ್ಲಿ ಎರಡು ಶಿಲೀಂಧ್ರಗಳು ಇರುವ ಸಾಧ್ಯತೆಯೇ ಹೆಚ್ಚು. ಹೈಫೆಯ (ಶಿಲೀಂಧ್ರದ ಎಳೆಯ) ತುದಿ ಕತ್ತರಿಸಿ ಹೊಸ ತಟ್ಟೆಗೆ ಹಾಕಿ, ಮೊದಲಿಂದ ಮಾಡಿ.

ಐಟಿಎಸ್ ಕೈಕೊಡುವುದು ಹೆಸರಿನ ವಿಷಯದಲ್ಲಿ. ಎಂಡೋಫೈಟ್‌ಗಳಲ್ಲಿ ಪದೇ ಪದೇ ಸಿಗುವ ಡಯಾಪೋರ್ಥೆ ಜಾತಿಯನ್ನೇ (ಜೀನಸ್; ಹಳಬರ ಬಾಯಲ್ಲಿ ಫೊಮಾಪ್ಸಿಸ್) ತೆಗೆದುಕೊಳ್ಳಿ. ಬ್ಲಾಸ್ಟ್ ಪಟ್ಟಿಯಲ್ಲಿ 99ರಿಂದ 100% ಹೊಂದಿಕೆಯ ಸಾಲುಗಳು ರಾಶಿ ಬೀಳುತ್ತವೆ, ಅವುಗಳ ಮುಂದೆ ಬೇರೆ ಬೇರೆ ಪ್ರಭೇದದ ಹೆಸರುಗಳು. ಅದರಲ್ಲಿ ಕೆಲವು ತಪ್ಪು ಹೆಸರುಗಳೇ, ಯಾರೋ ಹಿಂದೆ ಬ್ಲಾಸ್ಟ್ ನೋಡಿಯೇ ಇಟ್ಟವು. ಟೈಪ್ ಮಾದರಿಯ (ಪ್ರಭೇದದ ಹೆಸರಿಗೆ ಆಧಾರವಾದ ಮೂಲ ಮಾದರಿಯ) ಸೀಕ್ವೆನ್ಸ್‌ಗಳು ಮಾತ್ರ ಕಾಣುವಂತೆ ಹುಡುಕಾಟ ಸೋಸಿದರೆ ಕಸ ಕಡಿಮೆಯಾಗುತ್ತದೆ. ಆದರೂ ಡಯಾಪೋರ್ಥೆಯಲ್ಲಿ ಒಂದೇ ಪ್ರಭೇದದ ಒಳಗಿನ ಐಟಿಎಸ್ ವ್ಯತ್ಯಾಸ ಕೆಲವೊಮ್ಮೆ ಎರಡು ಪ್ರಭೇದಗಳ ನಡುವಿನದಕ್ಕಿಂತ ಹೆಚ್ಚಿರುತ್ತದೆ. ಅಲ್ಲಿ ಒಂದೇ ಪ್ರಭೇದ ಎನ್ನಲು 97%, 98.5% ಎಂದು ಗೆರೆ ಎಳೆಯುವುದರಲ್ಲಿ ಅರ್ಥವಿಲ್ಲ. ಫ್ಯುಸೇರಿಯಮ್‌ನ ಕೆಲವು ಗುಂಪುಗಳಲ್ಲಿ ಇನ್ನೂ ಮೋಸ: ಒಂದೇ ಜೀನೋಮ್‌ನಲ್ಲಿ ವಂಶಮೂಲ ಬೇರೆಯಾದ ಎರಡು ಬಗೆಯ ಐಟಿಎಸ್2 (ಐಟಿಎಸ್‌ನ ಎರಡನೇ ಭಾಗ) ಇರುತ್ತವೆ, ಅದರಿಂದ ಕಟ್ಟಿದ ವಂಶಮರ ಸಂಬಂಧಗಳನ್ನೇ ತಪ್ಪು ತೋರಿಸುತ್ತದೆ.

ಎಲ್‌ಎಸ್‌ಯುಗೆ (ರೈಬೋಸೋಮ್‌ನ ದೊಡ್ಡ ಭಾಗದ ಜೀನ್) ಹೆಚ್ಚು ಜಾಗ ಕೊಡುವುದಿಲ್ಲ. ಎಲ್‌ಆರ್0ಆರ್ ಮತ್ತು ಎಲ್‌ಆರ್5 ಪ್ರೈಮರ್‌ಗಳಿಂದ ಸುಮಾರು 900 ಬೇಸ್ ಸುಲಭವಾಗಿ ಬರುತ್ತದೆ, ದೂರದ ಗುಂಪುಗಳ ಜೊತೆಗೂ ಸಾಲಾಗಿ ಹೊಂದಿಸಬಹುದು. ಬೀಜಕವೇ ಬಿಡದ ಬಿಳಿ ಮೈಸೀಲಿಯಂ (ಎಳೆಗಳ ಜಾಲ), ಐಟಿಎಸ್ ಹೊಂದಿಕೆ 82%ಕ್ಕೆ ನಿಂತಿದೆ, ಅಂಥ ಕಡೆ ಇದು ಯಾವ ಗಣ (ಆರ್ಡರ್), ಯಾವ ಕುಟುಂಬ ಎಂದು ತೋರಿಸಿಕೊಡುತ್ತದೆ. ಪ್ರಭೇದ ಕೇಳಿದರೆ ಸುಮ್ಮನಿರುತ್ತದೆ.

ಇನ್ನು ನನ್ನ ಆಯ್ಕೆ. ಟಿಇಎಫ್1 ಪ್ರೋಟೀನ್ ತಯಾರಿಕೆಗೆ ಬೇಕಾದ ಜೀನ್. ಅದರ ಇಂಟ್ರಾನ್‌ಗಳು (ಪ್ರೋಟೀನ್‌ಗೆ ಸೇರದ ನಡುವಿನ ತುಂಡುಗಳು) ಬೇಗ ಬದಲಾಗುತ್ತವೆ, ಹತ್ತಿರದ ಪ್ರಭೇದಗಳು ಬೇರ್ಪಡುವುದು ಅಲ್ಲೇ. ಡಯಾಪೋರ್ಥೆಗೆ ಇಎಫ್1-728ಎಫ್ ಮತ್ತು ಇಎಫ್1-986ಆರ್ ಪ್ರೈಮರ್‌ಗಳು. ಫ್ಯುಸೇರಿಯಮ್‌ಗೆ ಇಎಫ್1 ಮತ್ತು ಇಎಫ್2, ತುಣುಕು ಸುಮಾರು 700 ಬೇಸ್. ಐಟಿಎಸ್‌ನಲ್ಲಿ ಒಂದೇ ಮುದ್ದೆಯಾಗಿದ್ದ ಗುಂಪು ಇಲ್ಲಿ ಕವಲು ಕವಲಾಗಿ ಒಡೆಯುತ್ತದೆ.

ತೊಂದರೆ ಒಂದೇ, ಆದರೆ ತಲೆ ತಿನ್ನುವಂಥದ್ದು: ಖಾಲಿ ಜೆಲ್. ಅದೇ ಡಿಎನ್‌ಎಯಲ್ಲಿ ಐಟಿಎಸ್ ಬ್ಯಾಂಡ್ ದೀಪದಂತೆ ಉರಿಯುತ್ತಿರುತ್ತದೆ, ಪಕ್ಕದ ಗುಂಡಿಯ ಟಿಇಎಫ್1ಗೆ ಏನೂ ಇಲ್ಲ. ಎಲ್ಲರೂ ಮೊದಲು ಪ್ರೈಮರ್ ಮೇಲೆ ಅನುಮಾನ ಪಡುತ್ತಾರೆ. ತಪ್ಪು ಸಾಮಾನ್ಯವಾಗಿ ಡಿಎನ್‌ಎಯದ್ದು. ಟಿಇಎಫ್1ಗೆ ಜೀನೋಮ್‌ನಲ್ಲಿ ಇರುವುದು ಒಂದೇ ಪ್ರತಿ, ಹಾಗಾಗಿ ಐಟಿಎಸ್ ಸಹಿಸಿಕೊಂಡ ಕೊಳೆಯನ್ನು ಇದು ಸಹಿಸುವುದಿಲ್ಲ. ಕಪ್ಪು ಮೈಸೀಲಿಯಂನ ಮೆಲನಿನ್, ತಟ್ಟೆಯಿಂದ ಕೆರೆದಾಗ ಜೊತೆಗೆ ಬರುವ ಅಗರ್, ಶಿಲೀಂಧ್ರದ್ದೇ ಲೋಳೆಯಂಥ ಪಾಲಿಸ್ಯಾಕರೈಡ್, ಇವೆಲ್ಲ ನಕಲು ಮಾಡುವ ಕಿಣ್ವವಾದ ಪಾಲಿಮರೇಸ್ ಅನ್ನು ಕಟ್ಟಿಹಾಕುತ್ತವೆ.

ಮೊದಲು ಮಾಡಬೇಕಾದದ್ದು ಪುಕ್ಕಟೆ: ಡಿಎನ್‌ಎಯನ್ನು ಹತ್ತು ಪಟ್ಟು, ಐವತ್ತು ಪಟ್ಟು ತೆಳುಮಾಡಿ ಎರಡನ್ನೂ ಓಡಿಸಿ. ಹೆಚ್ಚು ಡಿಎನ್‌ಎ ಸುರಿದಷ್ಟೂ ಕೊಳೆಯೂ ಹೆಚ್ಚು ಸೇರುತ್ತದೆ ಎಂಬುದು ತಲೆಗೆ ಹೋಗಲು ಸಮಯ ಬೇಕು. ಜೊತೆಗೆ ಪ್ರತಿ ಮೈಕ್ರೋಲೀಟರ್‌ಗೆ 0.2ರಿಂದ 0.4 ಮೈಕ್ರೋಗ್ರಾಂ ಬಿಎಸ್‌ಎ (ಕೊಳೆಯನ್ನು ಹಿಡಿದಿಡುವ ಪ್ರೋಟೀನ್). ಅದಕ್ಕೂ ಬಗ್ಗದಿದ್ದರೆ ಟಚ್‌ಡೌನ್: ಪ್ರೈಮರ್ ಅಂಟುವ ಉಷ್ಣಾಂಶ 66 ಡಿಗ್ರಿಯಿಂದ ಶುರು, ಸುತ್ತಿಗೆ 1 ಡಿಗ್ರಿ ಇಳಿಸುತ್ತ 56ಕ್ಕೆ ಬಂದು, ಅಲ್ಲಿ 35 ಸುತ್ತು. ಎರಡು ಬ್ಯಾಂಡ್ ಬಂದರೆ ಸರಿಯಾದ ಉದ್ದದ್ದನ್ನು ಜೆಲ್‌ನಿಂದ ಕತ್ತರಿಸಿ ಶುದ್ಧ ಮಾಡಿ ಕಳಿಸಿ. ಹಾಗೇ ಕಳಿಸಿದರೆ ಓದಲು ಬಾರದ ಸೀಕ್ವೆನ್ಸ್‌ಗೆ ದುಡ್ಡು ಕೊಟ್ಟಂತಾಗುತ್ತದೆ.

ಇದೆಲ್ಲ ರಿಪೇರಿ ಮಾತ್ರ. ನಿಜವಾದ ಪರಿಹಾರ ಹಿಂದಿನ ಹಂತದಲ್ಲಿದೆ: ಅಗರ್ ಮೇಲೆ ಶುದ್ಧ ಸೆಲೋಫೇನ್ ಹಾಳೆ ಹಾಸಿ ಅದರ ಮೇಲೆ ಬೆಳೆಸಿ, 4–5 ದಿನಕ್ಕೇ, ಬಣ್ಣ ಕಪ್ಪಾಗುವ ಮುನ್ನ, ಕೆರೆದು ತೆಗೆಯಿರಿ. ಡಿಎನ್‌ಎ ತೆಗೆಯುವ 2% ಸಿಟಿಎಬಿ ಬಫರ್‌ಗೆ ಕೊಳೆ ಹಿಡಿಯುವ ಪಿವಿಪಿ 1% ಸೇರಿಸಿ 65 ಡಿಗ್ರಿಯಲ್ಲಿ ಇಡಿ, ಕ್ಲೋರೋಫಾರ್ಮ್–ಐಸೋಅಮೈಲ್ ಆಲ್ಕೋಹಾಲ್ ತೊಳೆತ ಒಂದರ ಬದಲು ಎರಡು. ಮೇಲಿನ ನೀರಿನ ಪದರ ತೆಗೆಯುವಾಗ ಆಸೆಪಟ್ಟು ನಡುವಿನ ಬಿಳಿ ಪೊರೆಯವರೆಗೆ ಪಿಪೆಟ್ ಇಳಿಸಬೇಡಿ, ಒಂದಿಷ್ಟು ಬಿಟ್ಟರೂ ನಷ್ಟವಿಲ್ಲ. ಮೂರು ವಾರದ ಕಪ್ಪು ತಟ್ಟೆಯಿಂದ ಡಿಎನ್‌ಎ ತೆಗೆದು ಟಿಇಎಫ್1 ಬರಲಿಲ್ಲ ಎಂದು ಕೊರಗುವುದು ನ್ಯಾಯವಲ್ಲ.

ಇಂಟ್ರಾನ್‌ನಿಂದ ಇನ್ನೊಂದು ಸಣ್ಣ ಕಿರಿಕಿರಿಯಿದೆ. ಉದ್ದ ಬೇರೆ ಬೇರೆ ಇರುವುದರಿಂದ ಕುಟುಂಬ ಕುಟುಂಬಗಳನ್ನು ಒಟ್ಟಿಗೆ ಹೊಂದಿಸಲು ಹೋದರೆ ಮ್ಯಾಫ್ಟ್ (ಸೀಕ್ವೆನ್ಸ್ ಹೊಂದಿಸುವ ತಂತ್ರಾಂಶ) ಕೊಡುವುದು ಕಸ. ಒಂದೇ ಜಾತಿಯೊಳಗೆ, ಟೈಪ್ ಮಾದರಿಗಳ ಜೊತೆ ಮಾತ್ರ ಹೊಂದಿಸಿ, ಕಣ್ಣಿನಿಂದ ಒಮ್ಮೆ ನೋಡಿ.

ಎಲ್ಲ ಕಡೆಯೂ ಟಿಇಎಫ್1 ನಡೆಯುವುದಿಲ್ಲ. ಕೊಲೆಟೊಟ್ರೈಕಮ್ ಸಿಕ್ಕರೆ ಜಿಎಪಿಡಿಎಚ್ ಜೀನ್ ಹಿಡಿಯಿರಿ, ಅದರಲ್ಲಿ ಗ್ಲಿಯೋಸ್ಪೊರಿಯಾಯ್ಡಿಸ್ ಸಂಕೀರ್ಣವಾದರೆ (ಹತ್ತಿರದ ಪ್ರಭೇದಗಳ ಗುಂಪು) ಎಪಿಮ್ಯಾಟ್ ತುಣುಕು ಕೂಡ ಬೇಕು. ಪೆಸ್ಟಲೋಟಿಯಾಪ್ಸಿಸ್ ಬಳಗಕ್ಕೆ ಟಿಇಎಫ್1 ಜೊತೆ ಬೀಟಾ-ಟ್ಯೂಬುಲಿನ್. ತಟ್ಟೆಯಲ್ಲಿ ಬೆಳೆಸದೆ ನೇರ ಎಲೆಯಿಂದಲೇ ಇಡೀ ಸಮುದಾಯ ನೋಡುವವರಿಗೆ ಐಟಿಎಸ್2 ಸಾಕು, ಅವರ ಪ್ರಶ್ನೆಯೇ ಬೇರೆ.

ಖರ್ಚು ಹಿಡಿತದಲ್ಲಿಡಲು ನನ್ನ ಕ್ರಮ ಹೀಗೆ: ಎಲ್ಲ ಐಸೋಲೇಟ್‌ಗಳಿಗೂ (ಬೇರ್ಪಡಿಸಿ ಬೆಳೆಸಿದ ಶಿಲೀಂಧ್ರಗಳಿಗೂ) ಐಟಿಎಸ್, ಬೇಕಿದ್ದರೆ ಒಂದೇ ದಿಕ್ಕಿನ ಓದು, ಅದರಿಂದ ಜಾತಿವಾರು ಗುಂಪು. ಡಯಾಪೋರ್ಥೆ, ಫ್ಯುಸೇರಿಯಮ್, ಟ್ರೈಕೋಡರ್ಮಾ ಎಂದು ಕಂಡವಕ್ಕೆ ಪ್ರತಿಯೊಂದಕ್ಕೂ ಟಿಇಎಫ್1, ಎರಡೂ ದಿಕ್ಕಿನಿಂದ. ಈ ಮೂರರಲ್ಲಿ ಗುಂಪಿಗೊಂದು ಪ್ರತಿನಿಧಿ ಆರಿಸಿ ಉಳಿತಾಯ ಮಾಡಲು ಹೋಗುವುದಿಲ್ಲ, ಏಕೆಂದರೆ ಆ ಗುಂಪು ಮಾಡಿದ್ದೇ ಐಟಿಎಸ್. ಉಳಿದವಕ್ಕೆ ಪ್ರತಿನಿಧಿ ಸಾಕು. ಎಲ್‌ಎಸ್‌ಯು ಅನಾಥ ಬಿಳಿ ತಟ್ಟೆಗಳಿಗೆ ಮಾತ್ರ. ವಂಶಮರದಲ್ಲಿ ಟೈಪ್ ಮಾದರಿಯ ಜೊತೆ ಗಟ್ಟಿಯಾಗಿ ಕೂರದ ಐಸೋಲೇಟನ್ನು ದಾಖಲೆಯಲ್ಲಿ ‘ಡಯಾಪೋರ್ಥೆ ಪ್ರಭೇದ’ ಎಂದಷ್ಟೇ ಬರೆದು, ಐಟಿಎಸ್ ಮತ್ತು ಟಿಇಎಫ್1 ಎರಡಕ್ಕೂ ಒಂದೇ ಐಸೋಲೇಟ್ ಸಂಖ್ಯೆ ಕೊಟ್ಟು ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ಸೀಕ್ವೆನ್ಸ್ ಸಂಗ್ರಹಕ್ಕೆ ಸೇರಿಸುತ್ತೇನೆ.