ಒಂದು ವರ್ಷ ಪೂರ್ತಿ ಬಳಸಿ ನೋಡಿದ ಕನ್ನಡದ ದಿನದ ವಾಚನಗಳ ಪುಸ್ತಕ: ಕಾರವಾರದಿಂದ ನನ್ನ ಅಭಿಪ್ರಾಯ

ಆಗಮನ ಕಾಲದ (ಕ್ರಿಸ್ಮಸ್‌ಗೆ ಮುಂಚಿನ ತಯಾರಿಯ ವಾರಗಳು, ಇಗರ್ಜಿಯ ಹೊಸ ವರ್ಷ ಇಲ್ಲಿಂದ್ಲೇ ಶುರು) ಮೊದಲ ಭಾನುವಾರ, ಅಂದ್ರೆ 2024ರ ಡಿಸೆಂಬರ್ 1ಕ್ಕೆ, ಪೂಜೆ ಮುಗಿಸಿ ಹೊರಗೆ ಬರ್ತಾ ಇಗರ್ಜಿ ಬಾಗಿಲ ಹತ್ರ ಇಟ್ಟಿದ್ದ ಮೇಜಿಂದ ಈ ಪುಸ್ತಕ ತಗೊಂಡಿದ್ದೆ, ಪೂಜೆಯಲ್ಲಿ ದಿನಾ ಓದೋ ಬೈಬಲ್ ಭಾಗಗಳು, ಅಂದ್ರೆ ವಾಚನಗಳು, ಇರೋದು. 150 ರೂಪಾಯಿ. ಅಂಗೈಗಿಂತ ಸ್ವಲ್ಪ ದೊಡ್ಡದು, ಮೇಲೆ ಪ್ಲಾಸ್ಟಿಕ್ ಹೊದಿಕೆ. 2025ರ ನವೆಂಬರ್ 29ರ ಶನಿವಾರ ಅದರ ಕೊನೇ ಪುಟ ಓದಿ ಮುಗೀತು, ಭಾನುವಾರ ಹೊಸ ವರ್ಷದ್ದು ತೆರೆದೆ. ಬಸ್ಸಲ್ಲಿ ಎರಡು ಮೂರು ಜನ ಇದು ಯಾವ ಪುಸ್ತಕ ಅಂತ ಕೇಳಿದ್ರು, ನಮ್ಮ ವಾಳೆಯಲ್ಲೂ (ಇಗರ್ಜಿಯ ಅಕ್ಕಪಕ್ಕದ ಮನೆಗಳ ಗುಂಪು) ತಗೋಬಹುದಾ ಬೇಡ್ವಾ ಅಂತ ಕೇಳ್ತಾ ಇದ್ದಾರೆ, ಅದಕ್ಕೆ ಸ್ವಲ್ಪ ವಿವರವಾಗಿ ಬರೀತಾ ಇದೀನಿ.

ಪುಸ್ತಕದಲ್ಲಿ ಏನಿದೆ ಅಂತ ಮೊದ್ಲು ಹೇಳ್ತೀನಿ. ಪ್ರತಿ ತಾರೀಕಿಗೆ ಒಂದು ಪುಟ. ಮೇಲೆ ಆ ದಿನ ಫಾದರ್ ಪೂಜೆಗೆ ಹಾಕೋ ಉಡುಪಿನ ಬಣ್ಣದ ಪಟ್ಟಿ, ಅದರ ಕೆಳಗೆ ಯಾವ ಕಾಲದ ಎಷ್ಟನೇ ವಾರ, ಹಬ್ಬ ಇದ್ರೆ ಅದರ ಹೆಸರು, ಆಮೇಲೆ ಮೊದಲ ವಾಚನ, ಕೀರ್ತನೆ, ಭಾನುವಾರ ಮತ್ತು ದೊಡ್ಡ ಹಬ್ಬಕ್ಕಾದ್ರೆ ಎರಡನೇ ವಾಚನ, ಕೊನೆಗೆ ಶುಭಸಂದೇಶ, ಅಂದ್ರೆ ಯೇಸುವಿನ ಜೀವನ, ಬೋಧನೆ ಇರೋ ಭಾಗ. ಶುಭಸಂದೇಶ ಮಾತ್ರ ಪೂರ್ತಿ ಅಚ್ಚಾಗಿದೆ, ಉಳಿದದ್ದಕ್ಕೆ ಅಧ್ಯಾಯ, ವಚನದ ನಂಬರ್ ಅಷ್ಟೇ, ಅದಕ್ಕೆ ಮನೇಲಿ ಬೈಬಲ್ ತೆಗೀಲೇಬೇಕು. ಕೆಲವರಿಗೆ ಇದು ಕಷ್ಟ ಅನ್ನಿಸ್ಬಹುದು, ನನಗೆ ಇದೇ ಒಳ್ಳೇದಾಯ್ತು, ಯಾಕಂದ್ರೆ ಯೆಶಾಯ ಹುಡುಕೋಕೆ ಹೋಗಿ ಅದರ ಹಿಂದಿನ ಮುಂದಿನ ಅಧ್ಯಾಯಗಳನ್ನೂ ಓದಿದ ದಿನ ಎಷ್ಟೋ ಇದೆ.

ನಾನು ಅಂಕೋಲಾದಲ್ಲಿ ಶಾಲೇಲಿ ಕಲಿಸ್ತೀನಿ, ದಿನಾ ಕಾರವಾರದಿಂದ ಬಸ್ಸು. ಬೆಳಿಗ್ಗೆ ಚಾ ಇಟ್ಟು ಅದು ಕುದಿಯೋದ್ರೊಳಗೆ ಮೊದಲ ವಾಚನ ಬೈಬಲಲ್ಲಿ ನೋಡ್ಕೊಳ್ತೀನಿ, ಬಸ್ಸು ಬಿಣಗಾ ದಾಟೋವಾಗ ಶುಭಸಂದೇಶ ಶುರು ಮಾಡಿದ್ರೆ ಚೆಂಡಿಯಾ ಬರೋದ್ರೊಳಗೆ ಒಂದ್ಸಲ ಓದಿ ಆಗಿರುತ್ತೆ, ಅಲ್ಲಿಂದ ಅವರ್ಸಾ ತನಕ ಕಿಟಕಿ ಹೊರಗೆ ನೋಡ್ತಾ ಅದನ್ನೇ ಯೋಚಿಸ್ತಾ ಹೋಗೋದು. ಫೋನಲ್ಲೂ ಇಂಥ ಆ್ಯಪ್‌ಗಳಿವೆ, ನಾನೂ ಮೊದಲು ಅದನ್ನೇ ನೋಡ್ತಿದ್ದೆ, ಆದರೆ ಘಟ್ಟದ ತಿರುವಲ್ಲಿ ನೆಟ್ ಹೋಗುತ್ತೆ, ಅದೂ ಅಲ್ದೆ ನಾನು ನೋಡ್ತಿದ್ದದ್ದು ಇಂಗ್ಲಿಷಲ್ಲಿ. ನಮ್ಮನೇಲಿ ಪ್ರಾರ್ಥನೆ ಕೊಂಕಣಿಲಿ, ಓದು ಬರಹ ಎಲ್ಲಾ ಕನ್ನಡದಲ್ಲಿ. ಕನ್ನಡದಲ್ಲಿ ಓದಿದ್ದು ಸಂಜೆ ತನಕ ತಲೆಯಲ್ಲಿ ಉಳಿಯುತ್ತೆ, ಇಂಗ್ಲಿಷಲ್ಲಿ ಓದಿದ್ದು ಉಳೀತಿರ್ಲಿಲ್ಲ.

ಈ ವಾಚನಗಳನ್ನ ಯಾರು ಹೆಂಗೆ ಆರಿಸ್ತಾರೆ ಅಂತ ನನಗೆ ಮೊದ್ಲು ಗೊತ್ತಿರ್ಲಿಲ್ಲ, ಫಾದರ್ ಆಯಾ ವಾರಕ್ಕೆ ತಮಗೆ ಬೇಕಾದ್ದು ತಗೋತಾರೆ ಅಂದ್ಕೊಂಡಿದ್ದೆ ಎಷ್ಟೋ ವರ್ಷ. ಹಂಗಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ ಆದ್ಮೇಲೆ 1969ರಲ್ಲಿ ಈ ಕ್ರಮ ಬಂತು, ಭಾನುವಾರಕ್ಕೆ ಮೂರು ವರ್ಷದ ಸುತ್ತು. ಎ ವರ್ಷ ಮತ್ತಾಯ ಬರೆದ ಶುಭಸಂದೇಶ, ಬಿ ವರ್ಷ ಮಾರ್ಕ, ಸಿ ವರ್ಷ ಲೂಕ. ಯೊವಾನ್ನನಿಗೆ ಬೇರೆ ವರ್ಷ ಇಲ್ಲ, ಅದು ತಪಸ್ಸು ಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳು), ಪಾಸ್ಖ ಅಂದ್ರೆ ಈಸ್ಟರ್ ಕಾಲದಲ್ಲಿ ಬರುತ್ತೆ, ಆಮೇಲೆ ಬಿ ವರ್ಷದಲ್ಲಿ ಯೇಸು ರೊಟ್ಟಿಯ ಬಗ್ಗೆ ಹೇಳೋ ಅಧ್ಯಾಯ ಐದು ಭಾನುವಾರ ಬರುತ್ತೆ. ಸಾಧಾರಣ ಕಾಲದಲ್ಲಿ, ಅಂದ್ರೆ ಇಂಥ ವಿಶೇಷ ಕಾಲಗಳನ್ನ ಬಿಟ್ಟು ಉಳಿದ ವಾರಗಳಲ್ಲಿ, ವಾರದ ದಿನಗಳ ಮೊದಲ ವಾಚನಕ್ಕೆ ಎರಡು ವರ್ಷದ ಸುತ್ತು, ಬೆಸ ಇಸವಿಗೆ ಒಂದು, ಸಮ ಇಸವಿಗೆ ಇನ್ನೊಂದು. ಪುಸ್ತಕದ ಎರಡನೇ ಪುಟದಲ್ಲಿ ಇದನ್ನೆಲ್ಲ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಇಸವಿಯನ್ನ ಮೂರರಿಂದ ಭಾಗಿಸಿ ಶೇಷ ಉಳೀಲಿಲ್ಲ ಅಂದ್ರೆ ಅದು ಸಿ ವರ್ಷ ಅಂತ ಅಲ್ಲೇ ಓದಿದ್ದು, 2025 ಹಂಗೇ ಭಾಗ ಆಗುತ್ತೆ, ಅದಕ್ಕೇ ಆ ವರ್ಷದ ಭಾನುವಾರಗಳಿಗೆ ಹೆಚ್ಚಾಗಿ ಲೂಕ. ಏಳನೇ ಕ್ಲಾಸಲ್ಲಿರೋ ಮಗಳಿಗೆ ಇದನ್ನ ತೋರಿಸಿದೆ, ಅವಳು ತಾನು ಹುಟ್ಟಿದ ವರ್ಷ ಯಾವುದು, ಅಜ್ಜ ಅಜ್ಜಿ ಮದುವೆ ಆದ ವರ್ಷ ಯಾವುದು ಅಂತ ಕೂತು ಲೆಕ್ಕ ಹಾಕಿದ್ಲು.

ಪಾಸ್ಖ ಹಬ್ಬದ ತಾರೀಕಿನ ಪಟ್ಟಿನೂ ಹಿಂದೆ ಇದೆ. ಮಾರ್ಚ್ 21ಕ್ಕೆ ಅಥವಾ ಅದಾದ್ಮೇಲೆ ಬರೋ ಮೊದಲ ಹುಣ್ಣಿಮೆ ಕಳೆದ ಭಾನುವಾರ, ಅದಕ್ಕೇ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಎಲ್ಲಾದ್ರೂ ಬರ್ಬಹುದು, ಅದು ಸರಿದ್ರೆ ಬೂದಿ ಬುಧವಾರ, ಗರಿಗಳ ಭಾನುವಾರ, ಪೆಂತೆಕೋಸ್ತ್ ಎಲ್ಲಾ ಅದರ ಜೊತೆಗೇ ಸರಿಯುತ್ತೆ. ಪಕ್ಕದ ಮನೆ ಶಾಂತಕ್ಕ ಗೋಡೆ ಮೇಲೆ ಪಂಚಾಂಗದ ಕ್ಯಾಲೆಂಡರ್ ಇಟ್ಕೊಂಡಿದ್ದಾರೆ, ಅವರಿಗೆ ಈ ಪುಟ ತೋರಿಸಿದಾಗ "ಹಂಗಾರೆ ನಿಮ್ದೂ ಹುಣ್ಣಿಮೆ ಲೆಕ್ಕವೇ ಸೈ, ಇಷ್ಟು ವರ್ಷ ಒಟ್ಟಿಗೆ ಇದ್ದು ಗೊತ್ತೇ ಇರ್ಲಿಲ್ವಲ್ಲೆ" ಅಂದ್ರು. ಆಮೇಲೆ ನಾವಿಬ್ರೂ ಎರಡನ್ನೂ ಪಕ್ಕ ಪಕ್ಕ ಇಟ್ಟು ಮುಂದಿನ ವರ್ಷದ್ದೂ ನೋಡಿದ್ವಿ.

ಈಗ ನಾನು ಈ ಪುಸ್ತಕದಿಂದ ನಿಜವಾಗಿ ಪಡೆದದ್ದು ಹೇಳ್ತೀನಿ. ಮೊದ್ಲು ನಾನು ಬೈಬಲ್ ಓದ್ತಿದ್ದದ್ದು ಮನಸ್ಸಿಗೆ ಬಂದ ಕಡೆ ತೆಗೆದು, ಹಂಗಾಗಿ ನನಗಿಷ್ಟವಾದ ಹತ್ತು ಹದಿನೈದು ಜಾಗ ಮಾತ್ರ ಮತ್ತೆ ಮತ್ತೆ ಓದ್ತಿದ್ದೆ. ಇಲ್ಲಿ ನಾನು ಆರಿಸೋದಿಲ್ಲ, ಆ ದಿನಕ್ಕೆ ಏನು ಬಂದಿದೆಯೋ ಅದು. ಮಳೆಗಾಲದಲ್ಲಿ ಮಳೆ ಬಂದಂಗೆ. ಇಷ್ಟ ಇಲ್ಲದ ವಾಚನಾನೂ ಬರುತ್ತೆ, ಅರ್ಥ ಆಗದ್ದೂ ಬರುತ್ತೆ, ಕೆಲವು ಸಲ ಆ ದಿನಕ್ಕೇ ಬರೆದಂಗೆ ಬರುತ್ತೆ.

2025ರ ಜುಲೈ 31ರ ದಿನದ ಬಗ್ಗೆ ಹೇಳ್ಲೇಬೇಕು. ನಮ್ಮ ಕರಾವಳೀಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ಬಂದ್ ಇರುತ್ತೆ, ಬೈತಖೋಲ ಬಂದರಲ್ಲಿ ಬೋಟೆಲ್ಲ ಕಟ್ಟಿ ಹಾಕಿರ್ತಾರೆ. ಮಾವ ಈಗ ಸಮುದ್ರಕ್ಕೆ ಹೋಗೋದಿಲ್ಲ, ಆದ್ರೂ ಜುಲೈ ಕೊನೇ ವಾರ ಬಂತು ಅಂದ್ರೆ ಬಂದರಿಗೆ ಹೋಗಿ ಬಲೆ ಹೊಲಿಯೋ ಹುಡುಗರ ಜೊತೆ ಕೂತಿರ್ತಾರೆ. ಆ ಗುರುವಾರ ಸಾಧಾರಣ ಕಾಲದ 17ನೇ ವಾರ. ಶುಭಸಂದೇಶ ಮತ್ತಾಯ 13, ಸಮುದ್ರಕ್ಕೆ ಬೀಸಿದ ಬಲೆಯ ಸಾಮತಿ, ಅಂದ್ರೆ ಯೇಸು ಹೇಳಿದ ದೃಷ್ಟಾಂತ ಕಥೆ. ಎಲ್ಲಾ ಜಾತಿ ಮೀನು ಬಲೆಗೆ ಬೀಳುತ್ತೆ, ತುಂಬಿದ್ಮೇಲೆ ದಡಕ್ಕೆಳೆದು ಕೂತು ಒಳ್ಳೇದನ್ನ ಬುಟ್ಟಿಗೆ ಹಾಕಿ ಕೆಟ್ಟದ್ದನ್ನ ಬಿಸಾಡ್ತಾರೆ ಅಂತ. ನಾಳೆ ಬೆಳಿಗ್ಗೆ ಬೋಟು ಹೊರಡಬೇಕು, ಇವತ್ತು ಈ ಪುಟ. ಮಾವನಿಗೆ ಜೋರಾಗಿ ಓದಿ ಹೇಳಿದೆ. ಅವರು ಸುಮಾರು ಹೊತ್ತು ಮಾತಾಡ್ಲಿಲ್ಲ, ಆಮೇಲೆ "ಇದು ಬೋಟಿನ ಬಲೆ ಅಲ್ಲ ಮಗಾ, ದಡಕ್ಕೆ ಎಳೀತಾರೆ ಅಂದ್ರೆ ಇದು ರಂಪಣಿ" ಅಂದ್ರು. ರಂಪಣಿ ಎಳೆಯೋಕೆ ಎಷ್ಟು ಜನ ಬೇಕು, ಒಬ್ಬರ ಕೈಲಿ ಆಗೋ ಕೆಲಸ ಅಲ್ಲ, ಎಳೆಯೋವಾಗ ಒಳಗೆ ಏನಿದೆ ಅಂತ ಯಾರಿಗೂ ಕಾಣೋದಿಲ್ಲ, ಆರಿಸೋದು ದಡಕ್ಕೆ ಬಂದ್ಮೇಲೇನೇ, ನೀರಲ್ಲಿ ಇರೋವಾಗ ಯಾರೂ ಆರಿಸೋದಿಲ್ಲ ಅಂತ ಅವರು ಹೇಳಿದ್ದು. ಈ ಸಾಮತಿ ನಾನು ಚಿಕ್ಕಂದಿನಿಂದ ಕೇಳ್ತಾ ಬಂದಿದೀನಿ, ಧರ್ಮೋಪದೇಶದ ಕ್ಲಾಸಲ್ಲಿ ಮಕ್ಕಳಿಗೂ ಹೇಳಿದೀನಿ, ಕೊನೇ ದಿನದ ತನಕ ತೀರ್ಪು ನಮ್ಮ ಕೆಲಸ ಅಲ್ಲ ಅನ್ನೋದು ಅದರೊಳಗಿದೆ ಅಂತ ನನಗೆ ಅವತ್ತೇ ಹೊಳೆದದ್ದು.

ಇನ್ನೊಂದು ದಿನ ಏಪ್ರಿಲ್ 21. ಏಪ್ರಿಲ್ 19ರ ರಾತ್ರಿ ಪಾಸ್ಖ ಜಾಗರಣೆ, ಪೂರ್ತಿ ಇಟ್ರೆ ಒಂಬತ್ತು ವಾಚನ, ಆದಿಕಾಂಡದ ಸೃಷ್ಟಿಯಿಂದ ಹಿಡಿದು ಲೂಕನ ಖಾಲಿ ಸಮಾಧಿ ತನಕ, ಪುಸ್ತಕದಲ್ಲಿ ಅದಕ್ಕೆ ನಾಲ್ಕು ಪುಟ ಕೊಟ್ಟಿದ್ದಾರೆ. 20ಕ್ಕೆ ಪಾಸ್ಖ ಹಬ್ಬ. ಸೋಮವಾರ ಬೆಳಿಗ್ಗೆ ಮತ್ತಾಯ 28, ಹೆಂಗಸರು ಭಯ ಮತ್ತು ಸಂತೋಷ ಎರಡೂ ಒಟ್ಟಿಗೆ ಹೊತ್ತುಕೊಂಡು ಸಮಾಧಿಯಿಂದ ಓಡಿ ಬರೋದು. ಹೆಂಗೆ ಎರಡೂ ಒಟ್ಟಿಗೆ ಇರುತ್ತೆ ಅಂತ ಯೋಚಿಸ್ತಾ ಅಡುಗೆ ಮಾಡ್ತಿದ್ದೆ. ಮಧ್ಯಾಹ್ನ ಊಟಕ್ಕೆ ಕೂರೋ ಹೊತ್ತಿಗೆ ಪೋಪ್ ಫ್ರಾನ್ಸಿಸ್ ತೀರಿಹೋದ್ರು ಅಂತ ಸುದ್ದಿ ಬಂತು. ಅತ್ತೆ ಪುಸ್ತಕ ತಗೊಂಡು ಅದೇ ಪುಟ ಮತ್ತೆ ಓದೋಕೆ ಹೇಳಿದ್ರು. ಓದಿದೆ.

ಹಬ್ಬಗಳ ವಿಷಯದಲ್ಲಿ ಪುಸ್ತಕ ಬಹಳ ಕಡೆ ಚೆನ್ನಾಗಿದೆ. 2025ರಲ್ಲಿ ಫೆಬ್ರವರಿ 2, ಜೂನ್ 29, ಸೆಪ್ಟೆಂಬರ್ 14, ನವೆಂಬರ್ 2, ನವೆಂಬರ್ 9, ಈ ತಾರೀಕಿನ ಹಬ್ಬಗಳೆಲ್ಲ ಭಾನುವಾರ ಬಿದ್ವು, ಹಂಗಾದಾಗ ಆ ಹಬ್ಬಗಳೇ ಭಾನುವಾರದ ವಾಚನದ ಜಾಗ ತಗೋತಾವೆ, ಇದನ್ನ ಸರಿಯಾಗಿ ಹಾಕಿದ್ದಾರೆ, ಯಾಕೆ ಅಂತ ಎರಡು ಸಾಲಲ್ಲಿ ಹೇಳಿದ್ದಾರೆ. ಡಿಸೆಂಬರ್ 3 ಸಂತ ಫ್ರಾನ್ಸಿಸ್ ಜೇವಿಯರ್, ಆ ದಿನ ಚಂದಾವರದ ಹಬ್ಬಕ್ಕೆ ನಮ್ಮ ಕಡೆಯಿಂದ ಎಲ್ಲಾ ಜಾತಿ ಜನ ಹೋಗ್ತಾರೆ. ಹಳೇ ಗೋವಾದಲ್ಲಿ ಅವರ ಶರೀರದ ದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರ ತನಕ ಇತ್ತಲ್ಲ, ನಾವು ಡಿಸೆಂಬರಲ್ಲಿ ಹೋಗಿ ಬಂದ್ವಿ, ಸಾಲಲ್ಲಿ ನಿಂತಾಗ ಅವತ್ತಿನ ಪುಟ ಅಲ್ಲೇ ಓದ್ಕೊಂಡ್ವಿ.

ಆದ್ರೆ ಜನವರಿ 16ರ ಸಂತ ಜೋಸೆಫ್ ವಾಜ್ ಹಬ್ಬಕ್ಕೆ ಸಣ್ಣಕ್ಷರದಲ್ಲಿ ಹೆಸರೊಂದೇ ಇರೋದು ನನಗೆ ನಿಜವಾಗಿ ಬೇಜಾರಾಯ್ತು. ಗೋವಾದ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದವರು, ಸಿಂಹಳಕ್ಕೆ ಹೋಗೋ ಮೊದ್ಲು 1681ರಿಂದ 1684ರ ತನಕ ನಮ್ಮ ಕೆನರಾದಲ್ಲೇ ಸೇವೆ ಮಾಡಿದವರು, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡ್ರು, 2015ರಲ್ಲಿ ಸಂತರಾದ್ರು. ನಮ್ಮ ನೆಲದಲ್ಲಿ ನಡೆದಾಡಿದವರ ಬಗ್ಗೆ ಕನ್ನಡ ಪುಸ್ತಕ ನಾಲ್ಕು ಸಾಲು ಬರೀದಿದ್ರೆ ಮತ್ಯಾರು ಬರೀತಾರೆ?

ದೊಡ್ಡ ತಪ್ಪು ಒಂದಿದೆ. ಸೆಪ್ಟೆಂಬರ್ 8, ಮೊಂತಿ ಹಬ್ಬ, ಅಂದ್ರೆ ಮಾತೆ ಮರಿಯಮ್ಮ ಹುಟ್ಟಿದ ಹಬ್ಬ. ಒಂಬತ್ತು ದಿನ ಮಕ್ಕಳು ಹೂ ತಂದು ಮಾತೆಗೆ ಹಾಕಿ, ಹೊಸ ತೆನೆ ಆಶೀರ್ವಾದ ಮಾಡಿಸಿ ಮನೆಗೆ ತಂದು, ಎಲ್ಲರೂ ಒಟ್ಟಿಗೆ ಕೂತು ತರಕಾರಿ ಊಟ ಮಾಡೋ ದಿನ, ವರ್ಷದಲ್ಲಿ ನಮಗೆ ಕ್ರಿಸ್ಮಸ್, ಪಾಸ್ಖ ಬಿಟ್ರೆ ಇದೇ. ಪುಸ್ತಕದಲ್ಲಿ ಹಬ್ಬದ ಹೆಸರು ಸರಿಯಾಗಿದೆ, ಆದ್ರೆ ಕೆಳಗೆ 23ನೇ ವಾರದ ಸೋಮವಾರದ ವಾಚನ ಹಾಕಿಬಿಟ್ಟಿದ್ದಾರೆ. ಅವತ್ತು ಮೊದಲ ವಾಚನ ಓದೋ ಸರದಿ ನಂದು. ಕೊಲೊಸ್ಸೆಯವರಿಗೆ ಬರೆದ ಪತ್ರ ಎರಡು ದಿನ ಕೂತು ತಯಾರಿ ಮಾಡಿ ಹೋದ್ರೆ ಅಲ್ಲಿ ಮೀಕ ಪ್ರವಾದಿ, ಬೆತ್ಲೆಹೇಮಿನ ಬಗ್ಗೆ ಇರೋದು. ಪೂಜೆಗೆ ಐದು ನಿಮಿಷ ಇರೋವಾಗ ಗೊತ್ತಾಗಿ, ಒಂದ್ಸಲ ಕಣ್ಣಾಡಿಸಿ ಓದಿದೆ, ಎರಡು ಕಡೆ ತಡವರಿಸ್ತು. ಹಬ್ಬದ ದಿನ ಇಗರ್ಜಿ ತುಂಬಾ ಜನ ಇರೋವಾಗ ಹಂಗಾಗಿದ್ದು ಈಗ್ಲೂ ಮನಸ್ಸಿಗೆ ಚುಚ್ಚುತ್ತೆ. ಪ್ರಕಾಶಕರಿಗೆ ಪತ್ರ ಬರೆದೆ, ಉತ್ತರ ಬಂದಿಲ್ಲ. ಹೊಸ ಪುಸ್ತಕ ತಗೊಂಡ ತಕ್ಷಣ ನಾನು ಮೊದ್ಲು ತೆಗೆದ ಪುಟ ಇದೇ, ಈ ಸಲ ಸರಿ ಮಾಡಿದ್ದಾರೆ. ವಾಚಕರಾಗಿ ಓದೋರು ಇದೊಂದನ್ನೇ ನಂಬಬೇಡಿ, ಹಿಂದಿನ ದಿನ ಇಗರ್ಜಿಯ ದೊಡ್ಡ ವಾಚನ ಗ್ರಂಥ ಒಂದ್ಸಲ ನೋಡಿ ಬನ್ನಿ.

ಮತ್ತೆ ಸಣ್ಣಪುಟ್ಟದ್ದು. ಬಣ್ಣದ ಪಟ್ಟಿಯಲ್ಲಿ ನೇರಳೆ, ಬಿಳಿ, ಹಸಿರು ಚೆನ್ನಾಗಿ ಕಾಣುತ್ತೆ, ಗುಲಾಬಿ ಮತ್ತು ಕೆಂಪು ಮಾತ್ರ ಒಂದೇ ಥರ. ಗುಲಾಬಿ ಬರೋದೇ ವರ್ಷಕ್ಕೆ ಎರಡು ಭಾನುವಾರ, ಆಗಮನ ಕಾಲದ ಮೂರನೇದು, ತಪಸ್ಸು ಕಾಲದ ನಾಲ್ಕನೇದು, ಅಷ್ಟನ್ನ ಬೇರೆ ಮಾಡಿ ತೋರಿಸಬಹುದಿತ್ತು. ಅಕ್ಷರ ಬಹಳ ಸಣ್ಣ, ಮಾವನಿಗೆ ಕನ್ನಡಕ ಹಾಕಿದ್ರೂ ಆಗೋದಿಲ್ಲ. ಪೇಪರ್ ತೆಳು, ಮಳೆಗಾಲದಲ್ಲಿ ಜೂನ್ ಜುಲೈ ಪುಟಗಳು ಅಂಟ್ಕೊಂಡು ಉಬ್ಬಿ ಹೋದ್ವು, ಕರಾವಳಿಯವರು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಕೊಳ್ಳೋದು ಒಳ್ಳೇದು. ಕನ್ನಡ ಸ್ವಲ್ಪ ಗ್ರಾಂಥಿಕ, ಆದ್ರೆ ಜೋರಾಗಿ ಓದಿದ್ರೆ ಕಿವಿಗೆ ಹಿತವಾಗಿದೆ.

ಹೊಸಬರು ತಗೊಳ್ಳೋದಾದ್ರೆ ನೆನಪಿಡಿ, ಇದು ಜನವರಿಗೆ ಶುರುವಾಗೋ ಡೈರಿ ಅಲ್ಲ. ಈ ಸಲದ್ದು 2025ರ ನವೆಂಬರ್ 30ಕ್ಕೆ ಶುರುವಾಗಿದೆ, 2026ರ ನವೆಂಬರ್ 28ಕ್ಕೆ ಮುಗಿಯುತ್ತೆ, ಎ ವರ್ಷ, ಮತ್ತಾಯ. ಬೂದಿ ಬುಧವಾರ ಫೆಬ್ರವರಿ 18ಕ್ಕೆ, ಪಾಸ್ಖ ಏಪ್ರಿಲ್ 5ಕ್ಕೆ. ತಡ ಮಾಡಿದ್ರೆ ಆಗಮನ ಕಾಲ ಪೂರ್ತಿ ಹೋಗುತ್ತೆ, ಡಿಸೆಂಬರ್ 17ರಿಂದ 24ರ ತನಕ ದಿನಕ್ಕೊಂದು ಬೇರೆಯೇ ವಾಚನ ಇರುತ್ತೆ, ಅದನ್ನ ತಪ್ಪಿಸ್ಕೋಬೇಡಿ. ಮೇಜಿನ ಮೇಲೆ ಇನ್ನೂ ಹತ್ತು ಹನ್ನೆರಡು ಪುಸ್ತಕ ಇದ್ವು ಭಾನುವಾರ. ಬೆಲೆ 160 ಆಗಿದೆ.

ಬಲೆಯ ಸಾಮತಿ 2026ರಲ್ಲಿ ಎರಡು ಸಲ ಬರುತ್ತೆ, ಜುಲೈ 26ರ ಭಾನುವಾರ ಮತ್ತೆ 30ರ ಗುರುವಾರ. ಮಾವ ಆಗ್ಲೇ ಬಲೆ ಹೊಲಿಯೋ ನೂಲಿನ ತುಂಡೊಂದನ್ನ ಆ ಭಾನುವಾರದ ಪುಟಕ್ಕೆ ಇಟ್ಟಿದ್ದಾರೆ.