ಬಿಬಿಎಸ್‌ನಲ್ಲಿ ಚರ್ಚೆ ಓದಲು ಯಾವುದು ಸಲೀಸು: ಪಿಸಿಬೋರ್ಡ್, ಸಿಟಾಡೆಲ್, ಕ್ಯೂಡಬ್ಲ್ಯೂಕೆ

ಬಿಬಿಎಸ್ (ಬುಲೆಟಿನ್ ಬೋರ್ಡ್ ಸಿಸ್ಟಮ್) ಅಂದರೆ ಫೋನ್ ಲೈನಿನಲ್ಲಿ ಮೋಡೆಮ್ ಮೂಲಕ ಕರೆ ಮಾಡಿ ಮೆಸೇಜು ಓದುವ, ಬರೆಯುವ ಕಂಪ್ಯೂಟರ್; ಚಿಕ್ಕದಾಗಿ ಬೋರ್ಡ್. ತೊಂಬತ್ತರ ದಶಕದ ಶುರುವಿನಲ್ಲಿ ಮಿನಿಯಾಪೊಲಿಸ್‌ನಲ್ಲಿ ಓದುತ್ತಿದ್ದಾಗ ನನ್ನ ಹತ್ತಿರ ಇದ್ದದ್ದು 2400ರ ಮೋಡೆಮ್. ಸೆಕೆಂಡಿಗೆ ಸುಮಾರು 240 ಅಕ್ಷರ. 80 ಕಾಲಂ, 24 ಸಾಲಿನ ಪರದೆ ಪೂರ್ತಿ ತುಂಬಲು 8 ಸೆಕೆಂಡ್ ಬೇಕು. ಊರೊಳಗಿನ ಕರೆಗೆ ನಿಮಿಷದ ಲೆಕ್ಕ ಇರಲಿಲ್ಲ, ನಿಜ. ಆದರೆ ಎಷ್ಟೋ ಬೋರ್ಡ್‌ಗಳಿಗೆ ಒಂದೇ ಲೈನ್, ದಿನಕ್ಕೆ ಒಬ್ಬರಿಗೆ ಇಷ್ಟೇ ಹೊತ್ತು ಅಂತ ಮಿತಿ ಬೇರೆ. ಹಾಗಾಗಿ ನಾನು ನೋಡುತ್ತಿದ್ದದ್ದು ಒಂದೇ: ಇನ್ನೂ ಓದದ ಮೆಸೇಜಿಗೆ ಎಷ್ಟು ಬೇಗ ತಲುಪಬಹುದು?

ಪಿಸಿಬೋರ್ಡ್ ಅಂದರೆ ಬಿಬಿಎಸ್ ನಡೆಸುವ ಒಂದು ಸಾಫ್ಟ್‌ವೇರ್. ಅದರಲ್ಲಿ ಚರ್ಚೆಗಳೆಲ್ಲ ನಂಬರ್ ಹಾಕಿದ ಕಾನ್ಫರೆನ್ಸ್‌ಗಳು, ಅಂದರೆ ವಿಷಯವಾರು ವಿಭಾಗಗಳು. ಜೆ ಹೊಡೆದು ಪಟ್ಟಿ ನೋಡಬೇಕು, ನಂಬರ್ ಕೊಡಬೇಕು, ಆಮೇಲೆ ಆರ್, ಆಮೇಲೆ ಎಲ್ಲಿಂದ ಓದಬೇಕು ಅಂತ ಹೇಳಬೇಕು. ಫಿಡೊನೆಟ್ ಎಕೋಗಳನ್ನು (ಬೋರ್ಡ್‌ನಿಂದ ಬೋರ್ಡ್‌ಗೆ ಹರಡುವ ಚರ್ಚೆಗಳನ್ನು) ತರಿಸುವ ಬೋರ್ಡ್ ಆದರೆ ಆ ಪಟ್ಟಿಯೇ ಮುಗಿಯುವುದಿಲ್ಲ, ನಡುನಡುವೆ 'ಮೋರ್?' ಅಂತ ನಿಲ್ಲುತ್ತದೆ. 'ಆರ್ ಎ ಎಸ್' ಅಂತ ಒಂದೇ ಸಾಲಲ್ಲಿ ಕೊಟ್ಟರೆ ಹೋದ ಸಲ ಬಿಟ್ಟಲ್ಲಿಂದ ಎಲ್ಲ ಕಾನ್ಫರೆನ್ಸ್‌ಗಳದ್ದೂ ಬರುತ್ತದೆ. ಇದು ತುಂಬಾ ಒಳ್ಳೆಯದು, ಆದರೆ ಹೊಸಬರಿಗೆ ಯಾರಾದರೂ ಹೇಳಿಕೊಡಬೇಕು.

ಸಿಟಾಡೆಲ್ ಕೂಡ ಬಿಬಿಎಸ್ ಸಾಫ್ಟ್‌ವೇರೇ, ಆದರೆ ಅದರ ದಾರಿಯೇ ಬೇರೆ. 1980ರ ದಶಕದ ಶುರುವಿನಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಇದರಲ್ಲಿ ನಂಬರ್ ಇಲ್ಲ, ಮೆನು ಇಲ್ಲ, ಇರುವುದು ಹೆಸರಿರುವ ಕೋಣೆಗಳು. ಲಾಗಿನ್ ಆದ ಕೂಡಲೇ 'ಲಾಬಿ>' ಅಂತ ಬರುತ್ತದೆ. ಎನ್ ಒತ್ತಿದರೆ ಆ ಕೋಣೆಯ ಹೊಸ ಮೆಸೇಜುಗಳು. ಜಿ ಒತ್ತಿದರೆ, ಎಂಟರ್ ಕೂಡ ಬೇಡ, ಪರದೆ ಮೇಲೆ ತಾನೇ 'ಗೋಟು' ಅಂತ ಪೂರ್ತಿ ಮೂಡಿ, ಹೊಸ ಮಾತು ಇರುವ ಮುಂದಿನ ಕೋಣೆಗೆ ಕರೆದುಕೊಂಡು ಹೋಗುತ್ತದೆ. ಏನೂ ಹೊಸದಿಲ್ಲದ ಕೋಣೆಗಳನ್ನು ಅದೇ ದಾಟಿಬಿಡುತ್ತದೆ. ಈಗ ಓದಲು ಪುರುಸೊತ್ತಿಲ್ಲ ಅಂದರೆ ಎಸ್ ಒತ್ತಿ ಮುಂದೆ ಹೋಗಬಹುದು, ಆ ಕೋಣೆಯ ಮೆಸೇಜುಗಳು ಓದದ ಹಾಗೇ ಉಳಿದು ಮುಂದಿನ ಕರೆಯಲ್ಲಿ ಮತ್ತೆ ಸಿಗುತ್ತವೆ. ಜಿ ಮತ್ತು ಎಸ್ ನಡುವಿನ ಈ ಒಂದು ವ್ಯತ್ಯಾಸಕ್ಕೇ ನಾನು ಸಿಟಾಡೆಲ್‌ಗೆ ಸೋತಿದ್ದು. ಓದುವವರ ಕಷ್ಟ ಗೊತ್ತಿದ್ದವರು ಮಾಡಿದ್ದು ಅಂತ ತಕ್ಷಣ ಗೊತ್ತಾಗುತ್ತದೆ, ಅಲ್ವಾ? ಮಾತುಕತೆಯೂ ಹಾಗೇ, ಒಂದು ಕೋಣೆಯಲ್ಲಿ ಕೂತವರ ಹರಟೆಯಂತೆ ಒಂದರ ಕೆಳಗೊಂದು ಸಾಗುತ್ತದೆ.

ಮೂರನೆಯದು ಕ್ಯೂಡಬ್ಲ್ಯೂಕೆ (QWK), ಬೋರ್ಡ್ ಒಳಗೆ ಸುತ್ತಾಡುವುದೇ ಬೇಡ ಅನ್ನುವ ದಾರಿ. ಬೇಕಾದ ಕಾನ್ಫರೆನ್ಸ್‌ಗಳನ್ನು ಒಮ್ಮೆ ಆರಿಸಿಟ್ಟರೆ ಹೊಸ ಮೆಸೇಜುಗಳೆಲ್ಲ ಜಿಪ್ ಆಗಿ ಒಂದೇ ಕ್ಯೂಡಬ್ಲ್ಯೂಕೆ ಪ್ಯಾಕೆಟ್‌ನಲ್ಲಿ ಬರುತ್ತವೆ. ಇಳಿಸಿಕೊಂಡು ಫೋನ್ ಇಡುವುದು, ಬ್ಲೂ ವೇವ್‌ನಂಥ ರೀಡರ್‌ನಲ್ಲಿ ನಿಧಾನವಾಗಿ ಓದುವುದು, ಉತ್ತರ ಬರೆದಿಟ್ಟು ಮುಂದಿನ ಕರೆಯಲ್ಲಿ ಏರಿಸುವುದು. ಗಡಿಯಾರ ನೋಡುವ ಗೋಜಿಲ್ಲದ್ದರಿಂದ ನನ್ನ ಉತ್ತರಗಳು ಇಲ್ಲೇ ಚೆನ್ನಾಗಿರುತ್ತಿದ್ದವು. ಕಿರಿಕಿರಿಯೂ ಇದೆ: ವಿಷಯದ ಸಾಲಿಗೆ 25 ಅಕ್ಷರ ಮಾತ್ರ, ಉದ್ದದ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಜತೆಗೆ ನಮ್ಮ ಉತ್ತರ ಏರುವಷ್ಟರಲ್ಲಿ ಚರ್ಚೆ ಬೇರೆ ಕಡೆ ಹೊರಳಿರುತ್ತದೆ.

ನನ್ನ ಆಯ್ಕೆ ಹೀಗೆ. ಊರಿನದೇ ಜನ ಸೇರುವ ಸಣ್ಣ ಬೋರ್ಡ್‌ಗೆ ಸಿಟಾಡೆಲ್, ಎರಡನೇ ಮಾತಿಲ್ಲ. ರಾಶಿ ರಾಶಿ ಬರುವ ಎಕೋಗಳಿಗೆ ಕ್ಯೂಡಬ್ಲ್ಯೂಕೆ ಬಿಟ್ಟರೆ ಗತಿಯಿಲ್ಲ. ಪಿಸಿಬೋರ್ಡ್ ಒಳಗೇ ಕೂತು ಓದುವುದನ್ನು ನಾನು ಕ್ರಮೇಣ ಬಿಟ್ಟೆ. ಈಗ ಯಾರಿಗಾದರೂ ನೋಡುವ ಆಸೆಯಿದ್ದರೆ ಸಿಂಕ್‌ಟರ್ಮ್ ಎಂಬ ಟರ್ಮಿನಲ್ ಪ್ರೋಗ್ರಾಂ ಹಾಕಿಕೊಂಡು ಟೆಲ್ನೆಟ್‌ನಲ್ಲಿ (ಫೋನ್ ಬದಲು ಇಂಟರ್ನೆಟ್ ಮೂಲಕ) ಸಿಂಕ್ರೊನೆಟ್ ಸಾಫ್ಟ್‌ವೇರಿನ ಬೋರ್ಡ್‌ಗಳಿಗೆ ಹೋಗಬಹುದು. ಅಲ್ಲಿ ಇವತ್ತಿಗೂ ಕ್ಯೂಡಬ್ಲ್ಯೂಕೆ ಸಿಗುತ್ತದೆ, ಓದಲು ಮಲ್ಟಿಮೇಲ್ ಎಂಬ ರೀಡರ್ ಇದೆ.